ಟರ್ಬೊಟ್ಯಾಕ್ಸ್‌ನಲ್ಲಿ ಬ್ಯಾಕ್‌ಡೋರ್ ರಾತ್: ಪೂರ್ತಿ ಮೊತ್ತಕ್ಕೂ ಟ್ಯಾಕ್ಸ್ ತೋರಿಸ್ತಿದೆ ಅಂದವರಿಗೆ

ಹೊಸಬರಿಗೆ ಎರಡು ಮಾತು: ಟರ್ಬೊಟ್ಯಾಕ್ಸ್ ಅಂದ್ರೆ ಅಮೆರಿಕದಲ್ಲಿ ಟ್ಯಾಕ್ಸ್ ರಿಟರ್ನ್ ತುಂಬೋ ಸಾಫ್ಟ್‌ವೇರ್. ಐಆರ್‌ಎ ಅಂದ್ರೆ ನಮ್ಮ ಹೆಸರಲ್ಲಿ ನಾವೇ ತೆರೆಯೋ ನಿವೃತ್ತಿ ಉಳಿತಾಯ ಖಾತೆ, ಅದರಲ್ಲಿ ಟ್ರೆಡಿಷನಲ್, ರಾತ್ ಅಂತ ಎರಡು ಬಗೆ. ಆದಾಯ ಜಾಸ್ತಿ ಇರೋರು ಟ್ರೆಡಿಷನಲ್‌ಗೆ ಹಾಕಿ ಆಮೇಲೆ ರಾತ್‌ಗೆ ಬದಲಾಯಿಸೋ (ಕನ್ವರ್ಟ್ ಮಾಡೋ) ಸುತ್ತುದಾರಿಯೇ ಬ್ಯಾಕ್‌ಡೋರ್ ರಾತ್. ಉತ್ತರ ಸ್ವಲ್ಪ ಉದ್ದ ಇದೆ. ಬದನೆ ಸಸಿ ಫೋಟೊಗಳ ಮಧ್ಯೆ ಟ್ಯಾಕ್ಸ್ ಪುರಾಣ ಯಾಕೆ ಅನ್ನೋರು ಮುಂದಿನ ಪೋಸ್ಟಿಗೆ ಹೋಗಬಹುದು. ಏಪ್ರಿಲ್ 15 ದಾಟೋತನಕ ಅಮೆರಿಕದಲ್ಲಿರೋ ಯಾವ ಕನ್ನಡ ಗುಂಪಿನಲ್ಲೂ ಇದು ತಪ್ಪಿದ್ದಲ್ಲ, ಅಡ್ಮಿನ್‌ಗೂ ಗೊತ್ತು.

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರೋದು ಹೀಗೆ. ಇಬ್ಬರ ಸಂಬಳ ಸೇರಿ 2 ಲಕ್ಷ 46 ಸಾವಿರ ಡಾಲರ್ ದಾಟಿದ್ದರಿಂದ ನೇರವಾಗಿ ರಾತ್ ಐಆರ್‌ಎಗೆ ಹಾಕೋ ಹಾಗಿಲ್ಲ. ಹಾಗಾಗಿ 2025ರಲ್ಲಿ ಗಂಡ ಹೆಂಡತಿ ತಲಾ 7,000 ಡಾಲರ್ ಟ್ರೆಡಿಷನಲ್ ಐಆರ್‌ಎಗೆ ಹಾಕಿ, ವಾರದೊಳಗೆ ರಾತ್‌ಗೆ ಕನ್ವರ್ಟ್ ಮಾಡಿದ್ದೀರಿ. ನಿಮ್ಮ 1099-ಆರ್‌ನ (ನಿವೃತ್ತಿ ಖಾತೆಯಿಂದ ದುಡ್ಡು ಹೊರಬಂದಿದ್ದಕ್ಕೆ ಬ್ರೋಕರೇಜ್ ಕೊಡೋ ಫಾರ್ಮ್) 1ನೇ ಬಾಕ್ಸಿನಲ್ಲೂ (ಒಟ್ಟು ಮೊತ್ತ) 2ಎ ಬಾಕ್ಸಿನಲ್ಲೂ (ಟ್ಯಾಕ್ಸ್ ಬೀಳೋ ಮೊತ್ತ) 7,012 ಅಂತಿದೆ. ಅದನ್ನು ಟರ್ಬೊಟ್ಯಾಕ್ಸ್‌ಗೆ ತುಂಬಿದ ಕೂಡಲೇ ರೀಫಂಡ್ ಸರ್ರನೆ ಇಳಿಯಿತು. ಕೊನೆಗೆ, ಗಂಡನ ಹಳೇ 401ಕೆ (ಕಂಪನಿ ಮೂಲಕ ಇರೋ ನಿವೃತ್ತಿ ಖಾತೆ) ದುಡ್ಡು ರೋಲ್‌ಓವರ್ ಆಗಿ (ಅಂದ್ರೆ ವರ್ಗವಾಗಿ) ಕೂತಿರೋ ಐಆರ್‌ಎಯಲ್ಲಿ 63,000 ಇದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ ಒಂದು ಸಾಲು ಸೇರಿಸಿದ್ದೀರಿ. ನಿಜವಾದ ತೊಡಕು ಇರೋದು ಆ ಸಾಲಿನಲ್ಲೇ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ನಿಮ್ಮದು. ಗಾಬರಿ ಬೇಡ, ಕೆಲಸ ಅರ್ಧ ಆಗಿದೆ ಅಷ್ಟೇ. ನಿಮ್ಮ ಫಾರ್ಮಿನಲ್ಲಿ 2ಬಿ ಬಾಕ್ಸಿನ "ಟ್ಯಾಕ್ಸಬಲ್ ಅಮೌಂಟ್ ನಾಟ್ ಡಿಟರ್ಮಿನ್ಡ್" ಅನ್ನೋದಕ್ಕೆ ಟಿಕ್ ಇದೆಯಾ ನೋಡಿ, ಇದ್ದೇ ಇರುತ್ತೆ. ಅಂದ್ರೆ ಟ್ಯಾಕ್ಸ್ ಎಷ್ಟು ಅನ್ನೋದು ನಮಗೆ ಗೊತ್ತಿಲ್ಲ, ನೀವೇ ಲೆಕ್ಕ ಹಾಕಿಕೊಳ್ಳಿ ಅಂತ ಬ್ರೋಕರೇಜ್‌ನವರು ಕೈತೊಳೆದುಕೊಂಡಿದ್ದಾರೆ. ಆ ಲೆಕ್ಕ ನಡೆಯೋದು ಫಾರ್ಮ್ 8606ರಲ್ಲಿ. ಅದು ತುಂಬೋಕೆ ಸಾಫ್ಟ್‌ವೇರ್‌ಗೆ ಎರಡು ವಿಷಯ ಬೇಕು: ದುಡ್ಡು ಹೊರಗೆ ಬಂದಿದ್ದು, ಒಳಗೆ ಹೋಗಿದ್ದು. ಇವೆರಡನ್ನೂ ಅದು ಬೇರೆ ಬೇರೆ ಕಡೆ ಕೇಳುತ್ತೆ. ನೀವು ತುಂಬಿರೋದು ಹೊರಗೆ ಬಂದಿದ್ದನ್ನು ಮಾತ್ರ.

ಇನ್‌ಕಮ್ ವಿಭಾಗದಲ್ಲಿ 1099-ಆರ್ ತುಂಬುವಾಗ ಬಾಕ್ಸ್ 7ರ ಕೋಡ್ ಹಾಕಿ, ಪಕ್ಕದ ಐಆರ್‌ಎ ಚೌಕಕ್ಕೆ ಟಿಕ್ ಬಿದ್ದಿದೆಯಾ ಖಚಿತ ಮಾಡಿಕೊಳ್ಳಿ. 59½ ವಯಸ್ಸಿನ ಒಳಗಿನವರಿಗೆ ಸಾಮಾನ್ಯವಾಗಿ ಕೋಡ್ 2 ಇರುತ್ತೆ. ಮುಂದೆ ಈ ದುಡ್ಡನ್ನು ಏನು ಮಾಡಿದಿರಿ ಅಂತ ಕೇಳುತ್ತೆ. ಬೇರೆ ರಿಟೈರ್‌ಮೆಂಟ್ ಖಾತೆಗೆ ಸಾಗಿಸಿದೆ, ಪೂರ್ತಿ ರಾತ್‌ಗೆ ಕನ್ವರ್ಟ್ ಮಾಡಿದೆ, ಇದೇ ಉತ್ತರ. ಬರೀ ರೋಲ್‌ಓವರ್ ಅಂತ ಒತ್ತಬೇಡಿ.

ಆಮೇಲೆ ಡಿಡಕ್ಷನ್ಸ್ ವಿಭಾಗಕ್ಕೆ ಹೋಗಿ. "ನಮಗೆ ಡಿಡಕ್ಷನ್ ಸಿಗಲ್ಲವಲ್ಲ, ಅಲ್ಲೇನು ಕೆಲಸ" ಅಂತ ಮುಕ್ಕಾಲು ಪಾಲು ಜನ ಅದನ್ನು ತೆರೆಯೋದೇ ಇಲ್ಲ. ಐಆರ್‌ಎ ಕಾಂಟ್ರಿಬ್ಯೂಷನ್ ಅನ್ನೋ ಕಡೆ ಟ್ರೆಡಿಷನಲ್ ಅಂತ ಆರಿಸಿ 7,000 ಹಾಕಿ. ರಾತ್ ಅಂತ ಆರಿಸಿದರೆ ಕೆಟ್ಟಿತು: ನಿಮ್ಮ ಆದಾಯಕ್ಕೆ ರಾತ್ ಕಾಂಟ್ರಿಬ್ಯೂಷನ್ ನಿಷಿದ್ಧ, ಹೆಚ್ಚುವರಿ ಹಾಕಿದ್ದೀರಿ ಅಂತ 6 ಪರ್ಸೆಂಟ್ ದಂಡ, ಅಂದ್ರೆ 420 ಡಾಲರ್ ಬಂದು ಕೂರುತ್ತೆ. ಮುಂದಿನ ಸ್ಕ್ರೀನಿನಲ್ಲಿ ರೀಕ್ಯಾರಕ್ಟರೈಸ್ ಮಾಡಿದಿರಾ, ಟ್ರೆಡಿಷನಲ್‌ನಿಂದ ರಾತ್‌ಗೆ ಬದಲಾಯಿಸಿದಿರಾ ಅನ್ನೋ ಧಾಟಿಯ ಪ್ರಶ್ನೆ ಬರುತ್ತೆ. ಹೌದಲ್ಲ, ರಾತ್‌ಗೆ ತಾನೇ ಹಾಕಿದ್ದು ಅಂತ ಕೈ ಯೆಸ್ ಕಡೆ ಹೋಗುತ್ತೆ. ನೋ ಒತ್ತಬೇಕು. ರೀಕ್ಯಾರಕ್ಟರೈಸ್ ಅಂದ್ರೆ ಮೊದಲಿಂದಲೂ ಇನ್ನೊಂದು ಖಾತೆಗೇ ಹಾಕಿದ್ದೆ ಅಂತ ಲೆಕ್ಕ ತಿದ್ದಿಕೊಳ್ಳೋದು. ಅಲ್ಲಿ ಯೆಸ್ ಅಂದರೂ ಅದೇ 420 ಪ್ರತ್ಯಕ್ಷ.

ಹಿಂದಿನ ವರ್ಷಗಳ ಬೇಸಿಸ್ (ಐಆರ್‌ಎಯೊಳಗಿರೋ, ಆಗಲೇ ಟ್ಯಾಕ್ಸ್ ಕಟ್ಟಿದ ದುಡ್ಡು) ಎಷ್ಟು ಅನ್ನೋದಕ್ಕೆ ನಿಮ್ಮದು ಸೊನ್ನೆ, ಇದೇ ಮೊದಲ ಸಲ ಅಂದಿದ್ದೀರಲ್ಲ. 2025ರ ಡಿಸೆಂಬರ್ 31ಕ್ಕೆ ಟ್ರೆಡಿಷನಲ್, ಸೆಪ್, ಸಿಂಪಲ್ (ಕೊನೆಯ ಎರಡು ಕೆಲಸದ ಮೂಲಕ ಸಿಗೋ ಬಗೆಗಳು) ಐಆರ್‌ಎಗಳಲ್ಲಿ ಉಳಿದಿದ್ದೂ ಸೊನ್ನೆ. ಇಲ್ಲಿ ರಾತ್ ಬ್ಯಾಲೆನ್ಸ್ ತುಂಬೋರಿದ್ದಾರೆ, ಅದು ತಪ್ಪು. ಕೊನೆಗೆ ಕಾಂಟ್ರಿಬ್ಯೂಷನ್ ನಾನ್‌ಡಿಡಕ್ಟಿಬಲ್ (ಆದಾಯದಿಂದ ಕಳೆಯೋ ಹಾಗಿಲ್ಲದ್ದು) ಅಂತ ಆಗಿದೆಯಾ ನೋಡಿ. ಇಷ್ಟಾದರೆ ಇಳಿದ ರೀಫಂಡ್ ಮೇಲಕ್ಕೆ ಬರುತ್ತೆ. ನೀವು ಟ್ಯಾಕ್ಸ್ ಕಟ್ಟೋದು ಆ ವಾರದಲ್ಲಿ ಬೆಳೆದ 12 ಡಾಲರ್ ಮೇಲೆ ಮಾತ್ರ. ರೌಂಡಿಂಗ್‌ನಲ್ಲಿ ಒಂದೆರಡು ಡಾಲರ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಯಜಮಾನರ 63,000. ಸಂಬಂಧ ಇದೆ, ಚೆನ್ನಾಗೇ ಇದೆ. ಕನ್ವರ್ಟ್ ಮಾಡಿದ 7,000 ಬೇರೆ ಖಾತೆ, ರೋಲ್‌ಓವರ್ ಖಾತೆ ಬೇರೆ ಅಂತ ನೀವು ಹೇಳ್ತೀರಿ. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಅದನ್ನು ಒಪ್ಪಲ್ಲ. ಒಬ್ಬರ ಹೆಸರಿನ ಎಲ್ಲ ಟ್ರೆಡಿಷನಲ್ ಐಆರ್‌ಎಗಳೂ ಸೇರಿ ಅದಕ್ಕೆ ಒಂದೇ ಪಾತ್ರೆ. ಹಾಲಿಗೆ ನೀರು ಬೆರೆತ ಮೇಲೆ ಬರೀ ನೀರನ್ನು ಬಗ್ಗಿಸಿಕೊಳ್ಳೋಕಾಗುತ್ತಾ? ಲೆಕ್ಕ ಹೀಗೆ ಬೀಳುತ್ತೆ: ವರ್ಷದ ಕೊನೆಗೆ ಉಳಿದ 63,000, ಕನ್ವರ್ಟ್ ಮಾಡಿದ 7,000, ಒಟ್ಟು 70,000. ಅದರಲ್ಲಿ ಟ್ಯಾಕ್ಸ್ ಕಟ್ಟಿದ ದುಡ್ಡು 7,000, ಅಂದ್ರೆ 10 ಪರ್ಸೆಂಟ್. ಹಾಗಾಗಿ ಕನ್ವರ್ಟ್ ಮಾಡಿದ್ದರಲ್ಲಿ 700ಕ್ಕೆ ಮಾತ್ರ ವಿನಾಯಿತಿ, 6,300 ಆದಾಯಕ್ಕೆ ಸೇರುತ್ತೆ. ಟರ್ಬೊಟ್ಯಾಕ್ಸ್ ಹೀಗೆ ತೋರಿಸಿದರೆ ಅದು ಸರಿಯಾಗೇ ಇದೆ. ಆ ಡಿಸೆಂಬರ್ 31ರ ಪ್ರಶ್ನೆಗೆ ಸೊನ್ನೆ ಹಾಕಿ ಟ್ಯಾಕ್ಸ್ ಮಾಯ ಮಾಡೋ ಉಪಾಯ ಮೇಲೆ ಯಾರೋ ಬರೆದಿದ್ದಾರಲ್ಲ, ದಯವಿಟ್ಟು ಮಾಡಬೇಡಿ. ಆ ಬ್ಯಾಲೆನ್ಸ್ ಫಾರ್ಮ್ 5498 ಮೂಲಕ ಐಆರ್‌ಎಸ್‌ಗೆ ಹೋಗೇ ಹೋಗುತ್ತೆ. ನೋಡಿಲ್ಲ ಅಂದುಕೊಂಡರೆ ನಮ್ಮದೇ ತಪ್ಪು. ಕನ್ವರ್ಶನ್ ವಾಪಸ್ ತೆಗೆದುಕೊಳ್ಳೋ ಸೌಲಭ್ಯ 2018ರಿಂದ ಇಲ್ಲ.

ಹಾಗಂತ ದುಡ್ಡು ಮುಳುಗಿಹೋಗಿಲ್ಲ. ಬಳಕೆಯಾಗದ 6,300 ಬೇಸಿಸ್ 8606ರ 14ನೇ ಸಾಲಿನಲ್ಲಿ ಮುಂದಿನ ವರ್ಷಕ್ಕೆ ಹೋಗುತ್ತೆ. ಈಗಿನ ಕಂಪನಿಯ 401ಕೆ ಪ್ಲಾನ್ ಹೊರಗಿನ ಐಆರ್‌ಎ ದುಡ್ಡು ತೆಗೆದುಕೊಳ್ಳುತ್ತಾ ಎಚ್‌ಆರ್‌ನಲ್ಲಿ ವಿಚಾರಿಸಲಿ. ತೆಗೆದುಕೊಂಡರೆ ಆ ಖಾತೆಯ ಪ್ರೀ-ಟ್ಯಾಕ್ಸ್ (ಇನ್ನೂ ಟ್ಯಾಕ್ಸ್ ಕಟ್ಟಿರದ) ಭಾಗವನ್ನೆಲ್ಲ 2026ರ ಡಿಸೆಂಬರ್ 31ರೊಳಗೆ ಅಲ್ಲಿಗೆ ಸಾಗಿಸಬಹುದು. 401ಕೆ ಬ್ಯಾಲೆನ್ಸ್ ಈ ಲೆಕ್ಕಕ್ಕೆ ಬರಲ್ಲ. ಬೇಸಿಸ್ ದುಡ್ಡು 401ಕೆ ಒಳಗೆ ಹೋಗೋ ಹಾಗಿಲ್ಲ, ಅದು ಐಆರ್‌ಎಯಲ್ಲೇ ಉಳಿಯುತ್ತೆ, ನಮಗೂ ಅದೇ ಬೇಕು. ಹಾಗೆ ಉಳಿದ 6,300 ಮತ್ತು 2026ರ ಮಿತಿಯಾದ 7,500, ಎರಡನ್ನೂ ಹೆಚ್ಚುಕಡಿಮೆ ಟ್ಯಾಕ್ಸ್ ಇಲ್ಲದೆ ಕನ್ವರ್ಟ್ ಮಾಡಬಹುದು. ನನ್ನ ಪ್ರಕಾರ ಇದಾಗೋತನಕ ಅವರ ಹೆಸರಲ್ಲಿ ಹೊಸ ಬ್ಯಾಕ್‌ಡೋರ್ ಬೇಡ. ನಿಮ್ಮ ಹೆಸರಲ್ಲಿ ಧಾರಾಳವಾಗಿ ಮಾಡಿ, ಅವರ ಬ್ಯಾಲೆನ್ಸ್ ನಿಮಗೆ ಅಂಟಲ್ಲ. ಜಾಯಿಂಟ್ ರಿಟರ್ನ್ ಆದರೂ 8606 ಇಬ್ಬರಿಗೂ ಬೇರೆ ಬೇರೆ. ತುಂಬುವಾಗ 1099-ಆರ್ ಯಾರದ್ದು ಅನ್ನೋದನ್ನೂ ಸರಿಯಾಗಿ ಆರಿಸಿ, ಅದಲು ಬದಲಾದರೆ ಎರಡೂ ಲೆಕ್ಕ ಹಾಳು.

ಫೈಲ್ ಮಾಡೋ ಮುಂಚೆ ಪಿಡಿಎಫ್ ತೆಗೆದು 1040 (ರಿಟರ್ನ್‌ನ ಮುಖ್ಯ ಫಾರ್ಮ್) ನೋಡಿ. 4ಎ ಸಾಲಿನಲ್ಲಿ (ಇಬ್ಬರ ಐಆರ್‌ಎಯಿಂದ ಹೊರಬಂದ ಒಟ್ಟು) 14,012, 4ಬಿ ಸಾಲಿನಲ್ಲಿ (ಅದರಲ್ಲಿ ಟ್ಯಾಕ್ಸ್ ಬೀಳೋದು) ಸುಮಾರು 6,312 ಬರಬೇಕು. ನಿಮ್ಮ 8606ರಲ್ಲಿ 1ನೇ ಸಾಲು 7,000, 14ನೇ ಸಾಲು ಸೊನ್ನೆ, 18ನೇ ಸಾಲು 12. ಮಧ್ಯದ 6ರಿಂದ 12ರ ಸಾಲುಗಳು ಖಾಲಿಯಿದ್ದು 13ರ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಹೆದರಬೇಡಿ, ಸಾಫ್ಟ್‌ವೇರ್ ಆ ಲೆಕ್ಕವನ್ನು ಬೇರೆ ವರ್ಕ್‌ಶೀಟ್‌ನಲ್ಲಿ ಮಾಡಿದೆ ಅಂತ ಅರ್ಥ.

ಕೆಳಗೆ ಇನ್ನೊಬ್ಬರು, 2025ರ ಕಾಂಟ್ರಿಬ್ಯೂಷನ್ 2026ರ ಮಾರ್ಚಲ್ಲಿ ಹಾಕಿ ಈಗಲೇ ಕನ್ವರ್ಟ್ ಮಾಡಿದೆ, 1099-ಆರ್ ಬಂದೇ ಇಲ್ಲ ಅಂದಿದ್ದಾರೆ. ಬರಲ್ಲ, 2027ರ ಜನವರಿಗೆ ಬರುತ್ತೆ. ಕಾಂಟ್ರಿಬ್ಯೂಷನ್ ಯಾವ ವರ್ಷದ ಲೆಕ್ಕಕ್ಕೆ ಹಾಕಿದಿರೋ ಆ ವರ್ಷಕ್ಕೆ, ಕನ್ವರ್ಶನ್ ಮಾತ್ರ ನಡೆದ ವರ್ಷಕ್ಕೆ. ಈ ಸಲ ಡಿಡಕ್ಷನ್ಸ್ ಭಾಗ ಮಾತ್ರ ತುಂಬಿ, 8606ರ 14ನೇ ಸಾಲಿನಲ್ಲಿ 7,000 ಬರಬೇಕು. ಮುಂದಿನ ವರ್ಷ ಹಿಂದಿನ ಬೇಸಿಸ್ ಎಷ್ಟು ಅಂತ ಕೇಳಿದಾಗ ಅದೇ 7,000 ಹಾಕಬೇಕು. ಮರೆತರೆ ಒಂದೇ ದುಡ್ಡಿಗೆ ಎರಡು ಸಲ ಟ್ಯಾಕ್ಸ್. ಸಾಫ್ಟ್‌ವೇರ್ ಬದಲಾಯಿಸಿದರೆ ಈ ಅಂಕಿ ತಾನಾಗಿ ಬರುತ್ತೆ ಅಂತ ನಂಬಬೇಡಿ, 8606ರ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.