ಅಪ್ಪನ ಕಣ್ಣಿಗೆ ಮತ್ತೆ ಲೇಸರ್ ಯಾಕೆ, ಇದರಿಂದ ದೃಷ್ಟಿ ಬರುತ್ತಾ?

ಶುಗರ್‌ನಿಂದ ಗ್ಲಾಕೋಮಾ (ಕಣ್ಣಿನೊಳಗಿನ ಪ್ರೆಶರ್ ಏರಿ ನೋಟದ ನರ ಹಾಳಾಗುವ ಕಾಯಿಲೆ) ಆಗಿರುವ ನಿಮ್ಮ ತಂದೆಗೆ ಆಗಲೇ ಒಮ್ಮೆ ಲೇಸರ್ ಆಗಿದೆ, ಈಗ ಡಾಕ್ಟರು ಡಯೋಡ್ ಲೇಸರ್ ಮಾಡಬೇಕು ಅಂದಿದ್ದಾರೆ ಅಂತ ಬರೆದಿದ್ದೀರಿ. ಹೋದ ದೃಷ್ಟಿ ಇದರಿಂದ ಬರುವುದಿಲ್ಲ. ನಮ್ಮ ಅತ್ತೆಯವರಿಗೆ ಇದೇ ಮಾಡಿಸಿದೆವು, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ಮೊದಲು ಆಗಿದ್ದು ಬಹುಶಃ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆಗೆ ಮಾಡುವ ಲೇಸರ್. ಈಗಿನದು ಬೇರೆ ಜಾಗಕ್ಕೆ. ಕಪ್ಪು ಗುಡ್ಡೆಯ ಹಿಂದೆ ಸುತ್ತಲೂ ಸಿಲಿಯರಿ ಬಾಡಿ ಇರುತ್ತದೆ. ಕಣ್ಣಿನೊಳಗಿನ ನೀರು ಹುಟ್ಟುವುದು ಅಲ್ಲೇ. ಶುಗರ್‌ನಿಂದ ರೆಟಿನಾಗೆ ರಕ್ತ ಸಾಲದೆ ಹೋದರೆ ಬೇಡದ ರಕ್ತನಾಳಗಳು ಬೆಳೆದು, ಆ ನೀರು ಹೊರಹೋಗುವ ದಾರಿಯನ್ನು ಮುಚ್ಚಿಬಿಡುತ್ತವೆ. ಆಗ ಕಣ್ಣಿನೊಳಗಿನ ಪ್ರೆಶರ್ ಏರುತ್ತದೆ. 10ರಿಂದ 21 ಇರಬೇಕಾದದ್ದು ಅತ್ತೆಗೆ 40 ದಾಟಿತ್ತು. ತಲೆನೋವು, ವಾಂತಿ. ಪಿತ್ತ ಅಂತ ಸುಮ್ನೆ ಕೂರುವವರೂ ಇದ್ದಾರೆ! ದಾರಿ ತೆರೆಯಲು ಆಗದಿದ್ದಾಗ, ನೀರು ಹುಟ್ಟುವ ಜಾಗವನ್ನೇ ಅಲ್ಲಲ್ಲಿ ಸುಟ್ಟು ನೀರನ್ನು ಕಡಿಮೆ ಮಾಡುತ್ತಾರೆ. ಅಷ್ಟೇ ಇದರ ಕೆಲಸ.

ನೋವಿನ ಬಗ್ಗೆ ಕೇಳಿದ್ದೀರಲ್ಲ, ಕಣ್ಣಿನ ಪಕ್ಕ ಕೊಡುವ ಮರಗಟ್ಟಿಸುವ ಇಂಜೆಕ್ಷನ್ನೇ ಜಾಸ್ತಿ ನೋವು ಅಂದರು ಅತ್ತೆ. ಆಮೇಲೆ ಕಣ್ಣಿನ ಬಿಳಿ ಭಾಗದ ಮೇಲೆ ಪೆನ್ನಿನಂಥ ಪ್ರೋಬ್ ಇಟ್ಟು, ಒಂದೊಂದು ಕಡೆ ಸುಮಾರು 2 ಸೆಕೆಂಡ್ ಲೇಸರ್ ಬಿಡುತ್ತಾರೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಒಳಗೆ ಟಪ್ ಅಂತ ಸದ್ದು ಬಂದರೆ ಬಿಸಿ ಹೆಚ್ಚಾಯಿತು ಅಂತ ಅರ್ಥ, ಡಾಕ್ಟರು ಪವರ್ ಇಳಿಸುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ.

ಆಮೇಲೆ ಕೆಲವು ದಿನ ಕಣ್ಣು ಕೆಂಪಗೆ, ನೋವು. ಸ್ಟಿರಾಯ್ಡ್ ಡ್ರಾಪ್ಸ್ ಕೊಡುತ್ತಾರೆ. ಹಳೆಯ ಗ್ಲಾಕೋಮಾ ಡ್ರಾಪ್ಸನ್ನು ನೀವಾಗಿಯೇ ನಿಲ್ಲಿಸಬೇಡಿ. ಪ್ರೆಶರ್ ನಿಜವಾಗಿ ಎಷ್ಟು ಇಳಿಯಿತು ಅಂತ ತಿಳಿಯಲು ಕೆಲವು ವಾರ ಬೇಕು. ಸಾಲದಿದ್ದರೆ ಮತ್ತೆ ಮಾಡಬೇಕಾಗಬಹುದು. ಅತ್ತೆಗೆ ನೋವು ಹೋಯಿತು, ರಾತ್ರಿ ನಿದ್ದೆ ಬಂತು. ಡ್ರಾಪ್ಸ್ ಮಾತ್ರ ಇವತ್ತಿಗೂ ಇದೆ.

ಅತ್ತೆಯ ಆ ಕಣ್ಣಲ್ಲಿ ದೃಷ್ಟಿ ಉಳಿದಿರಲಿಲ್ಲ, ಹಾಗಾಗಿ ನಮಗೆ ಯೋಚನೆ ಸುಲಭವಾಯಿತು. ನಿಮ್ಮ ತಂದೆಗೆ ಇನ್ನೂ ಕಾಣುತ್ತಿದ್ದರೆ ಮಾತು ಬೇರೆ. ಈ ಲೇಸರ್ ಅತಿಯಾದರೆ ನೀರು ತೀರಾ ಕಡಿಮೆಯಾಗಿ ಉಳಿದ ದೃಷ್ಟಿಯೂ ಇಳಿಯಬಹುದು, ಅಪರೂಪಕ್ಕೆ ಕಣ್ಣು ಕುಗ್ಗಲೂಬಹುದು. ಬಿಟ್ಟುಬಿಟ್ಟು ಹಾಯಿಸುವ ಮೈಕ್ರೋಪಲ್ಸ್ ಲೇಸರ್ ಆಗುತ್ತಾ, ಅಥವಾ ನೀರು ಹೊರಹೋಗಲು ಟ್ಯೂಬ್ ಹಾಕುವ ಆಪರೇಷನ್ ಒಳ್ಳೆಯದಾ ಅಂತ ಕೇಳಿ. ಇನ್ನೊಂದು ಕಣ್ಣಿನ ರೆಟಿನಾವನ್ನೂ ಅವತ್ತೇ ತೋರಿಸಿಬಿಡಿ. ಶುಗರ್ ಒಂದೇ ಕಣ್ಣಿಗೆ ಬರುವುದಿಲ್ಲ ಅಲ್ವಾ.