ಕುಡಿತ ಬಿಡಲು ಬಂದವರನ್ನು ಸಿಬ್ಬಂದಿ ಕಾಯಿಸಿದರೆ
ಕುಡಿತ ಬಿಡಲು ಬಂದವರನ್ನು ನಿಮ್ಮ ನರ್ಸ್‌ಗಳು ಸರದಿಯ ಕೊನೆಗೆ ತಳ್ಳುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದಕ್ಕೆ ತಿರಸ್ಕಾರಕ್ಕಿಂತ ಭಯವೇ ಕಾರಣ ಇರಬೇಕು. ಏನು ಮಾಡಬೇಕೆಂದು ಗೊತ್ತಿಲ್ಲದಾಗ ಯಾರೇ ಆದರೂ ದೂರ ಸರಿಯುತ್ತಾರೆ, ಅಲ್ವಾ? ನಮ್ಮಲ್ಲೂ ಹೀಗೇ ಇತ್ತು.

ಸುಮ್ನೆ ಬುದ್ಧಿ ಹೇಳಬೇಡಿ, ಕೆಲಸ ಕಲಿಸಿ. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ, ಕುಡಿತದ ಸಮಸ್ಯೆ ಗುರುತಿಸುವ ಪ್ರಶ್ನಾವಳಿಯ 10 ಪ್ರಶ್ನೆಗಳನ್ನು ಬಿಪಿ ನೋಡುವಾಗಲೇ ಕೇಳಿಸಿ. ಎಲ್ಲರಿಗೂ ಕೇಳಿದರೆ ಯಾರಿಗೂ ಅವಮಾನ ಅನಿಸುವುದಿಲ್ಲ. ಆಮೇಲೆ ಅಪಾಯದ ಗುರುತು. ದಿನವೂ ಜಾಸ್ತಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ 48 ಗಂಟೆಗಳಲ್ಲೇ ಫಿಟ್ಸ್ ಬರಬಹುದು. ಕೈನಡುಕ, ಬೆವರು, ಗೊಂದಲ ಕಂಡರೆ ಸರದಿ ನೋಡದೆ ವೈದ್ಯರ ಬಳಿ ಕಳಿಸಬೇಕು. ಕಾಯಿಸುವುದು ಇಲ್ಲಿ ಜೀವಕ್ಕೇ ಅಪಾಯ. ಚೀಟಿಯಲ್ಲಿ ‘ಕುಡುಕ’ ಅಂತ ಬರೆಯುವುದನ್ನು ಇವತ್ತೇ ನಿಲ್ಲಿಸಿ.

ಎಲ್ಲರೂ ಬದಲಾಗುತ್ತಾರೆ ಅಂತ ಖಚಿತವಾಗಿ ಹೇಳಲಾರೆ. ಆಸಕ್ತಿ ಇರುವ ಒಬ್ಬ ನರ್ಸ್‌ನಿಂದ ಶುರು ಮಾಡಿ.