ಅಡುಗೆಮನೆ ಕಸದ ಬಯೋಗ್ಯಾಸ್ ಡ್ರಮ್ಮಿಗೆ ಮೊದಲು ಸಗಣಿಯನ್ನೇ ಏಕೆ ಹಾಕಬೇಕು?

ಹಾಲಿಗೆ ಮೊಸರು ಹೇಗೋ, ಡ್ರಮ್ಮಿಗೆ ಸಗಣಿ ಹಾಗೆ: ಹೆಪ್ಪು. ಬಯೋಗ್ಯಾಸಿನಲ್ಲಿ ಉರಿಯುವ ಅನಿಲವಾದ ಮೀಥೇನನ್ನು ತಯಾರಿಸುವ ಸೂಕ್ಷ್ಮಜೀವಿಗಳು ಗಾಳಿ ಸೋಕದ ಕಡೆ ಮಾತ್ರ ಬೆಳೆಯುತ್ತವೆ. ಹಸುವಿನ ಹೊಟ್ಟೆಯಲ್ಲಿ ಅವು ಧಾರಾಳವಾಗಿದ್ದು, ಸಗಣಿಯೊಂದಿಗೆ ಹೊರಬರುತ್ತವೆ. ಅಂದ ಹಾಗೆ, ಇವು ಬ್ಯಾಕ್ಟೀರಿಯಾಗಳಲ್ಲ, ಆರ್ಕಿಯಾ ಎಂಬ ಬೇರೆಯದೇ ಸೂಕ್ಷ್ಮಜೀವಿ ಗುಂಪು.

ಆದರೆ ಅನ್ನವನ್ನೋ ಸಿಪ್ಪೆಯನ್ನೋ ಇವು ನೇರವಾಗಿ ತಿನ್ನಲಾರವು. ಮೊದಲು ಬ್ಯಾಕ್ಟೀರಿಯಾಗಳು ಪಿಷ್ಟ, ಕೊಬ್ಬು, ಪ್ರೋಟೀನುಗಳನ್ನು ಒಡೆದು ಆಮ್ಲಗಳನ್ನಾಗಿಸಿ, ಕೊನೆಗೆ ಅಸಿಟಿಕ್ ಆಮ್ಲ, ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡಿಕೊಡಬೇಕು. ಎಡವಟ್ಟಾಗುವುದು ಇಲ್ಲಿಯೇ. ಆಮ್ಲ ಮಾಡುವವು ಚುರುಕು, ಮೀಥೇನ್ ಮಾಡುವವು ನಿಧಾನ. ಹಬ್ಬದಲ್ಲಿ ಮಿಕ್ಕ ಅನ್ನವನ್ನೆಲ್ಲ ಒಂದೇ ದಿನ ಸುರಿದರೆ ಹುಳಿ ಹೆಚ್ಚಿ, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 6.5ಕ್ಕಿಂತ ಕೆಳಗಿಳಿದು, ಅನಿಲ ನಿಂತೇ ಹೋಗಬಹುದು. ಆಗ ಕೆಲವು ದಿನ ಏನನ್ನೂ ಹಾಕದೆ ಬಿಡಿ. ಸ್ವಲ್ಪ ಸುಣ್ಣದ ತಿಳಿ, ಒಂದಿಷ್ಟು ಹೊಸ ಸಗಣಿ ನೀರು ಕೊಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.

ಆರಂಭಕ್ಕೆ ಸಗಣಿ, ನೀರು ಸಮಸಮ ಕಲಸಿ ತುಂಬಿಸಿ ಎರಡು-ಮೂರು ವಾರ ಕಾಯಿರಿ. ಮೊದಲು ತುಂಬುವ ಅನಿಲದಲ್ಲಿ ಗಾಳಿ ಬೆರೆತಿರುತ್ತದೆ. ಅದಕ್ಕೆ ಕಡ್ಡಿ ಗೀರುವುದು ಅಪಾಯ, ಬಯಲಿನಲ್ಲಿ ಹೊರಬಿಡಿ. ಮುಂದೆ ಜ್ವಾಲೆ ನೀಲಿಯಾಗಿ ಸ್ಥಿರವಾದ ಮೇಲೆ ಕಸವನ್ನು ರುಬ್ಬಿ ದಿನವೂ ಸ್ವಲ್ಪ ಸ್ವಲ್ಪ ಹಾಕಿ. ನಿಂಬೆ, ಕಿತ್ತಳೆ ಸಿಪ್ಪೆ ಬೇಡ. ಅವುಗಳ ಎಣ್ಣೆ ಈ ಜೀವಿಗಳಿಗೆ ಆಗದು. 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ಅವಕ್ಕೆ ಹಿತ, ಹಾಗಾಗಿ ಡಿಸೆಂಬರಿನಲ್ಲಿ ಒಲೆ ಸೊರಗಿದರೆ ಗಾಬರಿಯಾಗಬೇಡಿ.